ಮಂಡಲಚಿತ್ರದಲ್ಲಿ ಕಾಣದ ಸಂಪರ್ಕ

ಮಂಡಲಚಿತ್ರಗಳಲ್ಲಿ ಐಸಿಗಳ ವಿದ್ಯುತ್ ಪೂರೈಕೆಯ ಪಿನ್ನುಗಳನ್ನು ತೋರಿಸದೆ ಬಿಡುವ ರೂಢಿಯನ್ನು ನೀವು ಗಮನಿಸಿರಬಹುದು. 7400ಕ್ಕೆ 14ನೇ ಪಿನ್ ಧನ, 7ನೆಯದು ಗ್ರೌಂಡ್. ಎಲ್ಲರಿಗೂ ಗೊತ್ತಿರುವುದನ್ನು ಬರೆಯುವುದೇಕೆ ಎಂಬುದು ವಾದ. ಆದರೆ 7490ರಲ್ಲಿ ಅವು 5 ಮತ್ತು 10! ಇಡೀ ಫಲಕಕ್ಕೆ 5 ವೋಲ್ಟ್ ಒಂದೇ ಇದ್ದಾಗ ಈ ರೂಢಿ ಹೇಗೋ ನಡೆಯಿತು.

ಈಗ ಚಿತ್ರವನ್ನು ಗಣಕದಲ್ಲಿ ಬಿಡಿಸುತ್ತೇವೆ. ಪರಸ್ಪರ ಸೇರಿದ ಪಿನ್ನುಗಳ ಗುಂಪಿಗೆ ಅಲ್ಲಿ 'ನೆಟ್' ಎಂದು ಹೆಸರು. ಕೈಕ್ಯಾಡ್ ತಂತ್ರಾಂಶವು ಮರೆಮಾಡಿದ ಪೂರೈಕೆ ಪಿನ್ನನ್ನು ಅದರದೇ ಹೆಸರಿನ ನೆಟ್‌ಗೆ ತಾನಾಗಿ ಸೇರಿಸಿಬಿಡುತ್ತದೆ. 'ವಿಸಿಸಿ' ಎಂಬ ನೆಟ್ 5 ವೋಲ್ಟಿನದಾಗಿದ್ದು, ನಿಮ್ಮ ಐಸಿಗೆ ಬೇಕಾದದ್ದು 3.3 ವೋಲ್ಟ್ ಆಗಿದ್ದರೆ? ಚಿತ್ರದಲ್ಲಿ ಗೆರೆಯೇ ಇಲ್ಲ, ತಪ್ಪು ಕಾಣುವುದೆಲ್ಲಿ?

ತಂತ್ರಾಂಶದ ಪರೀಕ್ಷೆಯೊಂದನ್ನೇ ನಂಬಬೇಡಿ. ಅದಕ್ಕೆ ನಿಮ್ಮ ಉದ್ದೇಶ ತಿಳಿಯದು. ನೆಟ್‌ಗಳ ಪಟ್ಟಿಯನ್ನು ಮುದ್ರಿಸಿ, ಪೂರೈಕೆಯ ಪ್ರತಿ ನೆಟ್‌ನಲ್ಲಿರುವ ಪಿನ್ನುಗಳನ್ನು ತಯಾರಕರ ಮಾಹಿತಿಹಾಳೆಯೊಂದಿಗೆ ಒಂದೊಂದಾಗಿ ತಾಳೆ ನೋಡಿ. ಬೇಸರದ ಕೆಲಸ, ನಿಜ. ಸುಟ್ಟ ಐಸಿಗೆ ಬದಲಿ ಹುಡುಕುತ್ತಾ ಬನ್ನೂರಿನಿಂದ ಮೈಸೂರಿಗೆ ಬಸ್ಸು ಹತ್ತುವುದಕ್ಕಿಂತ ವಾಸಿ.

ಫಲಕ ಸಿದ್ಧವಾದ ಮೇಲೂ, ಐಸಿ ಕೂರಿಸುವ ಮುನ್ನ, ಎರಡು ಪೂರೈಕೆಗಳ ನಡುವೆ ಸಂಪರ್ಕವಿಲ್ಲವೆಂದು ಮಲ್ಟಿಮೀಟರಿನಿಂದ ಖಚಿತಪಡಿಸಿಕೊಳ್ಳಿ. ಅಧ್ಯಾಪಕರೇ, ಕರಿಹಲಗೆಯ ಮೇಲೆ ಆ ಎರಡು ಪಿನ್ನುಗಳನ್ನೂ ದಯವಿಟ್ಟು ಬರೆಯಿರಿ.