ಪಥ ಬಳಿದರೆ ಸಾಲದು, ಕಾಯುವವರು ಬೇಕು

ಸೂರತ್ತಿನ ವರಾಛಾದಲ್ಲಿ ಮಿನಿ ಬಜಾರ್ ಎಂಬ ಜಾಗವಿದೆ. ಅಲ್ಲಿ ವಜ್ರದ ವ್ಯಾಪಾರ ನಡೆಯುವುದು ರಸ್ತೆಯ ಮೇಲೆಯೇ. ನಿಲ್ಲಿಸಿದ ಸ್ಕೂಟರಿನ ಸೀಟೇ ದಲ್ಲಾಳಿಯ ಗದ್ದಿಗೆ. ಮಡಿಸಿದ ಬಿಳಿ ಹಾಳೆಯ ಪೊಟ್ಟಣ ಬಿಚ್ಚಿ, ಹರಳುಗಳನ್ನು ಬೆರಳಿನಿಂದ ಸರಿಸಿ, ಕಣ್ಣಿಗೆ ಮಸೂರ ಹಿಡಿದು ದರ ಕುದುರಿಸುತ್ತಾರೆ. 2023ರ ಡಿಸೆಂಬರಿನಲ್ಲಿ ಸೂರತ್ತಿನದೇ ಖಜೋದ್‌ನಲ್ಲಿ ವಜ್ರದ ವ್ಯಾಪಾರಕ್ಕೆಂದೇ ಭಾರಿ ಡೈಮಂಡ್ ಬೋರ್ಸ್ ಉದ್ಘಾಟನೆಯಾದರೂ ಸಣ್ಣ ದಲ್ಲಾಳಿಗಳ ಬದುಕು ಈ ಬೀದಿಯಲ್ಲೇ ಉಳಿಯಿತು. ರಸ್ತೆಯ ಅಂಚು ಸ್ಕೂಟರುಗಳಿಗೆ ಹೋದ ಮೇಲೆ ಸೈಕಲ್ಲಿನವರು ಬಸ್ಸು, ಟೆಂಪೊ, ರಿಕ್ಷಾಗಳ ನಡುವೆ ನುಸುಳಬೇಕು. ಇಂಥ ಊರಿಗೆ ಸೈಕಲ್ ಪಥ ಬೇಕೆಂದು ಕೇಳುವುದು ನ್ಯಾಯವೇ. ಆದರೆ ನಮ್ಮ ನಗರಗಳಲ್ಲಿ ಈ ಬೇಡಿಕೆ ಇಟ್ಟುಕೊಂಡು ಬಂದಿರುವ ರೀತಿಯಲ್ಲೇ ಒಂದು ಕೊರತೆಯಿದೆ.

ಅಹಮದಾಬಾದನ್ನೇ ನೋಡಿ. 2009ರ ಅಕ್ಟೋಬರಿನಲ್ಲಿ ಅಲ್ಲಿ ಜನಮಾರ್ಗ್ ಬಸ್ ಸೇವೆ ಶುರುವಾಯಿತು, ಮರುವರ್ಷ ಅಂತರರಾಷ್ಟ್ರೀಯ ಪ್ರಶಸ್ತಿಯೂ ಬಂತು. ಬಸ್ಸಿನ ಮಾರ್ಗದ ಪಕ್ಕ ಕೆಲವೆಡೆ ಸೈಕಲ್ ಪಥವನ್ನೂ ಹಾಕಿದರು. ಬಸ್ಸಿನ ಮಾರ್ಗಕ್ಕೆ ಕಂಬಿಯ ಬೇಲಿ, ಕಾವಲುಗಾರ, ದಂಡ ಎಲ್ಲವೂ ಇದ್ದವು. ಸೈಕಲ್ ಪಥಕ್ಕೆ ಯಾರೂ ಇರಲಿಲ್ಲ. ಅದರ ಮೇಲೆ ಕಾರು ನಿಂತವು, ತಳ್ಳುಗಾಡಿಗಳು ಬಂದವು, ನಡುವೆ ವಿದ್ಯುತ್ ಕಂಬಗಳಿದ್ದವು. ಒಂದೇ ರಸ್ತೆಯಲ್ಲಿ, ಒಂದೇ ಯೋಜನೆಯಲ್ಲಿ ಹುಟ್ಟಿದ ಎರಡು ಪಥಗಳಲ್ಲಿ ಕಾವಲಿದ್ದದ್ದು ಬದುಕಿತು, ಇಲ್ಲದ್ದು ಅಳಿಯಿತು.

ಬೆಂಗಳೂರಿನ ಕಥೆಯೂ ಬೇರೆಯಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಕೆ.ಆರ್. ಪುರದ ಕಡೆಗೆ ಗೂಟ ನೆಟ್ಟು ಸೈಕಲ್ ಪಥ ಮಾಡಿದರು. ಬೈಕುಗಳು ಅದರೊಳಗೆ ನುಗ್ಗಿದವು, ಗೂಟಗಳು ಮುರಿದವು, ಮೆಟ್ರೊ ಕಾಮಗಾರಿ ಉಳಿದದ್ದನ್ನೂ ನುಂಗಿತು. ಕೇಂದ್ರ ಸರ್ಕಾರದ ಸೈಕಲ್ ಸ್ಪರ್ಧೆಯಲ್ಲಿ 2021ರಲ್ಲಿ ಆಯ್ಕೆಯಾದ 11 ನಗರಗಳಲ್ಲಿ ಬೆಂಗಳೂರಿನ ಜೊತೆಗೆ ಸೂರತ್ತೂ ವಡೋದರವೂ ಇದ್ದವು. ಬಹುಮಾನ ಸಿಕ್ಕಿದ್ದು ಉತ್ಸಾಹಕ್ಕೆ. ಪಥ ಐದು ವರ್ಷ ಬಾಳುತ್ತದೆಯೇ ಎಂದು ಅಳೆಯುವ ಸ್ಪರ್ಧೆ ಇನ್ನೂ ಬಂದಿಲ್ಲ.

ವರಾಛಾದಲ್ಲಿ ಬೀದಿಯ ಬಗ್ಗೆ ದನಿ ಎತ್ತುವವರಿಗೆ ಕೊರತೆಯಿಲ್ಲ. ಅಲ್ಲಿನ ಶಾಸಕ ಕುಮಾರ್ ಕಾನಾಣಿ ಟ್ರಾಫಿಕ್ ಪೊಲೀಸರಿಗೂ ಪಾಲಿಕೆಗೂ ಪತ್ರ ಬರೆಯುವುದಕ್ಕೇ ಹೆಸರಾದವರು. ನಿಷೇಧದ ವೇಳೆಯಲ್ಲೂ ಖಾಸಗಿ ಲಕ್ಷುರಿ ಬಸ್ಸುಗಳು ಊರೊಳಗೆ ಬರುತ್ತಿವೆ ಎಂದು ಅವರು ದೂರಿದಾಗ, 2024ರ ಫೆಬ್ರುವರಿಯಲ್ಲಿ ಬಸ್ ಮಾಲೀಕರು ಊರೊಳಗೆ ಬರುವುದನ್ನೇ ನಿಲ್ಲಿಸಿದರು. ಸೌರಾಷ್ಟ್ರದಿಂದ ಬಂದವರು ಮಕ್ಕಳುಮರಿ, ಗಂಟುಮೂಟೆ ಸಮೇತ ಊರಾಚೆ ವಾಲಕ್ ಪಾಟಿಯಾದ ಬಳಿ ಇಳಿದು ಪರದಾಡಬೇಕಾಯಿತು. ದೂರು ಸರಿಯಾಗಿಯೇ ಇತ್ತು. ಆದರೆ ಬಸ್ಸನ್ನು ತಡೆದರೆ ಜನ ಎಲ್ಲಿ ಇಳಿಯಬೇಕು, ಮನೆಗೆ ಹೇಗೆ ಹೋಗಬೇಕು ಎಂಬುದಕ್ಕೆ ಯಾರ ಬಳಿಯೂ ಉತ್ತರ ಸಿದ್ಧವಿರಲಿಲ್ಲ. ರಸ್ತೆಯ ಒತ್ತುವರಿ ತೆರವು ಕಾರ್ಯಾಚರಣೆಗಳ ದೋಷವೂ ಇದೇ. ತಳ್ಳುಗಾಡಿಯವರಿಗೆ, ದಲ್ಲಾಳಿಗಳಿಗೆ, ಅವರ ಸ್ಕೂಟರುಗಳಿಗೆ ಬೇರೆ ಜಾಗ ಗೊತ್ತುಮಾಡದೆ ಬೆಳಗ್ಗೆ ಎಬ್ಬಿಸಿದರೆ ಸಂಜೆಗೆ ಅವರು ಅಲ್ಲೇ ಇರುತ್ತಾರೆ.

ಜನಕ್ಕೆ ಶಿಸ್ತಿಲ್ಲ ಎಂದು ಕೈಚೆಲ್ಲುವವರಿಗೆ ಸೂರತ್ತೇ ಉತ್ತರ ಕೊಟ್ಟಿದೆ. 1994ರ ಪ್ಲೇಗಿನ ನಂತರ, 1995ರಲ್ಲಿ ಪಾಲಿಕೆ ಆಯುಕ್ತರಾಗಿ ಬಂದ ಎಸ್.ಆರ್. ರಾವ್ ವಲಯ ಅಧಿಕಾರಿಗಳಿಗೆ ಅಧಿಕಾರ ಹಂಚಿ, ಅವರನ್ನು ದಿನವೂ ಬೀದಿಗೆ ಇಳಿಸಿದರು, ತಾವೂ ಇಳಿದರು. ದೇಶದಲ್ಲೇ ಕೊಳಕೆಂದು ಹೆಸರಾಗಿದ್ದ ಊರು ಎರಡು ವರ್ಷದೊಳಗೆ ಬದಲಾಯಿತು. 2024ರಲ್ಲಿ ಪೊಲೀಸರು ಸಿಗ್ನಲ್ ಪಾಲನೆಗೆ ಪಟ್ಟುಹಿಡಿದಾಗ ಅದೇ ಸೂರತ್ತಿಗರು ಜೀಬ್ರಾ ಗೆರೆಯ ಹಿಂದೆ ಸಾಲಾಗಿ ನಿಂತ ಚಿತ್ರಗಳು ದೇಶವೆಲ್ಲ ಹರಿದಾಡಿದವು. ಎರಡು ಸಲವೂ ಜನ ಅವರೇ. ಬದಲಾದದ್ದು ದಿನವೂ ನಿಗಾ ಇಡುವ ವ್ಯವಸ್ಥೆ.

ಈಗ ವರಾಛಾದ ಮುಂದೆ ಒಂದು ಅವಕಾಶವಿದೆ. ಸರ್ಥಾಣಾದಿಂದ ಡ್ರೀಮ್ ಸಿಟಿಗೆ ಹೋಗುವ ಮೆಟ್ರೊ ಮಾರ್ಗ ಈ ಭಾಗದಲ್ಲೇ ಹಾಯುತ್ತದೆ, ಕಾಪೋದ್ರಾದಿಂದ ಮುಂದಕ್ಕೆ ನೆಲದಡಿ ಇಳಿಯುತ್ತದೆ. ಅದಕ್ಕಾಗಿ ಅಗೆದ ರಸ್ತೆಯನ್ನು ಮತ್ತೆ ಹಾಕಲೇಬೇಕು. ಪಾದಚಾರಿಗೆ ಎಷ್ಟು ಅಡಿ, ಸೈಕಲ್ಲಿಗೆ ಎಷ್ಟು, ದಲ್ಲಾಳಿಗಳ ಸ್ಕೂಟರ್ ಎಲ್ಲಿ ಎಂಬುದನ್ನು ಡಾಂಬರು ಬೀಳುವ ಮೊದಲೇ ನಕ್ಷೆಯಲ್ಲಿ ಬರೆಸಿಕೊಳ್ಳಬೇಕು. ತಡವಾದರೆ ಹಳೆಯ ರಸ್ತೆಯೇ ಹೊಸ ಡಾಂಬರು ಹೊದ್ದು ಬರುತ್ತದೆ.

ಸೈಕಲ್ ಪಥದ ಹೋರಾಟ ನಿಜದಲ್ಲಿ ಪಾರ್ಕಿಂಗಿನ ಹೋರಾಟ. ಅದು ಇನ್ನು ಕಿಲೋಮೀಟರುಗಳ ಲೆಕ್ಕ ಕೇಳುವುದನ್ನು ಬಿಡಬೇಕು. ಕೇಳಬೇಕಾದದ್ದು ಮೂರು: ಈ ಪಥವನ್ನು ದಿನವೂ ನೋಡಿಕೊಳ್ಳುವ ವಲಯ ಅಧಿಕಾರಿ ಯಾರು, ಅಡ್ಡ ನಿಲ್ಲಿಸಿದ ವಾಹನವನ್ನು ಎಷ್ಟು ಹೊತ್ತಿನಲ್ಲಿ ಎತ್ತುತ್ತಾರೆ, ದುರಸ್ತಿಯ ದುಡ್ಡು ಬಜೆಟ್ಟಿನ ಯಾವ ಬಾಬಿನಲ್ಲಿದೆ. ಈ ಮೂರಕ್ಕೆ ಲಿಖಿತ ಉತ್ತರ ಕೊಡದ ಪಾಲಿಕೆಯಿಂದ ಪಥ ಹಾಕಿಸಿಕೊಂಡರೆ, ನಾವು ಹಾಕಿಸಿಕೊಂಡದ್ದು ಇನ್ನೊಂದು ಪಾರ್ಕಿಂಗ್ ಜಾಗ ಅಷ್ಟೇ.