ಕವಿರಾಜಮಾರ್ಗದ ನಾಲ್ಕು ಊರುಗಳೂ ಅಚ್ಚಾದ ಭೂಪಟಗಳೂ

ಪ್ರಾಚೀನ ಗ್ರಂಥಗಳಲ್ಲಿ ಬರುವ ಊರುಗಳಿಗೆ ಟಿಪ್ಪಣಿ ಬರೆಯುವವರು ಸಾಮಾನ್ಯವಾಗಿ ಈಗಿನ ಹೆಸರನ್ನೂ ಜಿಲ್ಲೆಯನ್ನೂ ಹೇಳಿ ಮುಗಿಸುವರು. ಅದರಿಂದ ಊರು ಯಾವುದೆಂಬುದು ತಿಳಿಯುವುದೇ ಹೊರತು ಗ್ರಂಥಕಾರನು ಅದನ್ನು ಹೆಸರಿಸಿದುದರ ಅಭಿಪ್ರಾಯವು ತಿಳಿಯದು. ಈ ಕೊರತೆಯನ್ನು ನೀಗತಕ್ಕ ಸಾಧನವೊಂದು ವಿಶ್ವವಿದ್ಯಾನಿಲಯಗಳ ಪುಸ್ತಕಭಂಡಾರಗಳಲ್ಲಿ ದೊರೆಯುವುದು. ಅದು ಸರ್ವೆ ಆಫ್ ಇಂಡಿಯಾ ಇಲಾಖೆಯವರು ಅಚ್ಚು ಹಾಕಿಸಿರುವ ಭೂಪಟಗಳ ಸಂಗ್ರಹ. ಅದು ಭೂಗೋಳದವರ ಸ್ವತ್ತೆಂದು ಸಾಹಿತ್ಯದ ಅಧ್ಯಾಪಕರು ದೂರವಿರುವುದು ಉಚಿತವಲ್ಲ.

ಒಂದು ನಿದರ್ಶನವನ್ನು ಪರಿಶೀಲಿಸೋಣ. 9ನೆಯ ಶತಮಾನದ ಕವಿರಾಜಮಾರ್ಗವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದ ಎಂಬ ನಾಲ್ಕು ಊರುಗಳ ನಡುವಣ ನಾಡನ್ನು ಕನ್ನಡದ ತಿರುಳೆಂದು ಕರೆಯುವುದು. ಇವನ್ನು ಕ್ರಮವಾಗಿ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಬೆಳಗಾವಿ ಜಿಲ್ಲೆಯ ಒಕ್ಕುಂದ ಎಂದು ವಿದ್ವಾಂಸರು ಗುರುತಿಸಿರುವರು.

ಭೂಪಟಗಳನ್ನು ಊರಿನ ಹೆಸರಿನಿಂದ ಹುಡುಕಿದರೆ ಸಿಕ್ಕುವುದು ಕಷ್ಟ. ಅವುಗಳಿಗೆ ಸಂಖ್ಯೆಯೇ ಬೀಗದ ಕೈ. ಅಕ್ಷಾಂಶ ರೇಖಾಂಶಗಳಲ್ಲಿ 4 ಅಂಶಗಳ ಚೌಕಕ್ಕೆ ಒಂದು ಸಂಖ್ಯೆ. ಅದರೊಳಗೆ ಒಂದೊಂದು ಅಂಶದ 16 ಭಾಗಗಳಿಗೆ ಎ ಯಿಂದ ಪಿ ವರೆಗಿನ ಅಕ್ಷರಗಳು. ಪ್ರತಿಭಾಗದಲ್ಲಿಯೂ ಮತ್ತೆ 16 ಹಾಳೆಗಳು. ಎರಡು ಎಡೆಗಳಲ್ಲಿಯೂ ಎಣಿಕೆ ವಾಯವ್ಯ ಮೂಲೆಯಿಂದ ಮೊದಲಾಗಿ ಮೇಲಿನಿಂದ ಕೆಳಕ್ಕೆ, ಸಾಲುಸಾಲಾಗಿ ನಡೆಯುವುದು. ಈ ಲೆಕ್ಕದಿಂದ ಪಟ್ಟದಕಲ್ಲು 48 ಎಂ/13ರಲ್ಲಿ, ಲಕ್ಷ್ಮೇಶ್ವರವು 48 ಎಂ/8ರಲ್ಲಿ ಇವೆ. 76ನೆಯ ರೇಖಾಂಶದಾಚೆಗಿನ ಕೊಪ್ಪಳವು 57 ಎ/3ಕ್ಕೂ, 75ನೆಯದರ ಪಶ್ಚಿಮಕ್ಕಿರುವ ಒಕ್ಕುಂದವು 48 ಐ ಭಾಗಕ್ಕೂ ಸೇರುವುವು. 2005ರ ಭೂಪಟನೀತಿಯ ತರುವಾಯ ಹೊರಟ ಸಾರ್ವಜನಿಕ ಮಾಲೆಯ ಸಂಖ್ಯಾಕ್ರಮವು ಬೇರೆಯಾದುದರಿಂದ ಸೂಚಿಪಟವನ್ನು ಮೊದಲು ನೋಡುವುದು ಕ್ಷೇಮ.

ಹಾಳೆಗಳನ್ನು ಜೋಡಿಸಿ ನೋಡಿದರೆ ಎರಡು ಸಂಗತಿಗಳು ಹೊಳೆಯುವುವು. ಗ್ರಂಥದಲ್ಲಿ ಹೇಳಿದ ಕ್ರಮದಲ್ಲಿಯೇ ನಡೆದರೆ ಈಶಾನ್ಯ, ಆಗ್ನೇಯ, ನೈರುತ್ಯ, ವಾಯವ್ಯ ಎಂದು ನಾಡಿಗೆ ಪ್ರದಕ್ಷಿಣೆ ಬಂದಂತಾಗುವುದು. ಛಂದಸ್ಸಿನ ನಿರ್ಬಂಧದಿಂದ ಹೀಗಾಯಿತೆಂದು ಆಕ್ಷೇಪಿಸಬಹುದು; ಆದುದರಿಂದ ಇದನ್ನು ಪ್ರಮಾಣವೆನ್ನದೆ ಸೂಚನೆಯೆನ್ನುವುದೇ ಯುಕ್ತ. ಎರಡನೆಯದು ಹೆಚ್ಚು ಬಲವಾದುದು. ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟ, ಎಂದರೆ ಈಗಿನ ಮಳಖೇಡ, 56 ಜಿ ಭಾಗದಲ್ಲಿರುವುದು. ಅದು ಪಟ್ಟದಕಲ್ಲಿನಿಂದ ಈಶಾನ್ಯಕ್ಕೆ ನೇರವಾಗಿ ಸುಮಾರು 200 ಕಿಲೋಮೀಟರು. ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಗ್ರಂಥವು ತಿರುಳುಗನ್ನಡದ ಎಲ್ಲೆಯನ್ನು ಗುರುತಿಸುವಾಗ ಪ್ರಭುವಿನ ರಾಜಧಾನಿಯನ್ನೇ ಹೊರಗಿಟ್ಟಿತು. ಭಾಷೆಯ ಪ್ರಮಾಣವು ಸಿಂಹಾಸನದ ಸಮೀಪವನ್ನು ಅವಲಂಬಿಸಿಲ್ಲವೆಂಬ ಈ ನಿಲುವು, ಊರುಗಳ ಹೆಸರನ್ನು ಮಾತ್ರ ಉರುಹಚ್ಚುವ ವಿದ್ಯಾರ್ಥಿಗೆ ಎಂದಿಗೂ ಗೋಚರವಾಗದು.

ಆದರೆ ಭೂಪಟವು ಶಾಸನಕ್ಕೆ ಬದಲಲ್ಲ. ಹಾಳೆಯಲ್ಲಿ ಕಾಣುವ ಹೆಸರಿನ ರೂಪವು ಅಳೆಯಲು ಬಂದವರ ಕಿವಿಗೆ ಬಿದ್ದಂತೆ ಬರೆದುದಾಗಿರಬಹುದು. ಬರಿಯ ನಾಮಸಾದೃಶ್ಯದಿಂದ ಸ್ಥಳನಿರ್ಣಯ ಮಾಡುವುದು ಸಾಹಸ. ಶಾಸನವು ಊರನ್ನು ನಿಶ್ಚಯಿಸಬೇಕು. ಭೂಪಟವು ಅದರ ದಿಕ್ಕು, ದೂರ, ನೆರೆಹೊರೆಗಳನ್ನು ತೋರಿಸಬೇಕು.

ಇನ್ನೊಂದು ಮಾತನ್ನು ಭಂಡಾರದ ಅಧಿಕಾರಿಗಳಿಗೆ ಅರಿಕೆ ಮಾಡಬೇಕಾಗಿದೆ. ಹೊಸ ಮುದ್ರಣ ಬಂದೊಡನೆ ಹಳೆಯ ಹಾಳೆಯನ್ನು ವಿಲೇವಾರಿ ಮಾಡುವುದು ಅನರ್ಥಕರ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಅನೇಕ ಗ್ರಾಮಗಳು ನೀರಿನಲ್ಲಿ ಮುಳುಗಿದುವು. ಆ ಗ್ರಾಮಗಳು ತಮ್ಮ ಹಳೆಯ ಸ್ಥಾನದಲ್ಲಿ ಉಳಿದಿರುವುದು ಅದಕ್ಕೆ ಹಿಂದಿನ ಅಳತೆಯ ಹಾಳೆಗಳಲ್ಲಿ. ಮುಂದೆ ಯಾವುದಾದರೊಂದು ಶಾಸನದಲ್ಲಿ ಅವುಗಳಲ್ಲೊಂದರ ಹೆಸರು ಕಾಣಿಸಿಕೊಂಡರೆ, ಅದನ್ನು ಓದುವವನು ಹೊಸ ಹಾಳೆಯಲ್ಲಿ ಕಾಣುವುದು ನೀರಿನ ಬಣ್ಣವನ್ನು ಮಾತ್ರ.