ಹಿಂದೆಯೂ ಕಾದಿತ್ತು ಅನ್ನುವ ಮಾತು

ರಾಯಚೂರು ಸೀಮೆಯಲ್ಲಿ ಬಿಸಿಲನ್ನು ದೂರುವವರಿಗಿಂತ ಅದರ ಬಗ್ಗೆ ಜಂಬ ಕೊಚ್ಚುವವರೇ ಹೆಚ್ಚು. ಏಪ್ರಿಲ್ ಮಧ್ಯಾಹ್ನ ಗುರುಗುಂಟಾದ ಯಾವುದಾದರೂ ಚಹಾದಂಗಡಿಯಲ್ಲಿ ಕೂತು ಹವಾಮಾನದ ಮಾತೆತ್ತಿ ನೋಡಿ. “ಬಿಸ್ಲು ನಮಗೇನು ಹೊಸಾದೇನ್ರೀ?” ಎಂಬ ಉತ್ತರ ಬರುತ್ತದೆ. ಓದಿಕೊಂಡವರು ಇದನ್ನೇ ದೊಡ್ಡ ಮಾತಿನಲ್ಲಿ ಹೇಳುತ್ತಾರೆ: ಭೂಮಿ ಹಿಂದೆಯೂ ಕಾದಿತ್ತು, ಜೀವಗಳು ಉಳಿದವು, ಈಗಲೂ ಉಳಿದಾವು. ಅವರೆದುರು ನಿಂತವರ ವಾದ ಬೇರೆ: ಹಿಂದೆ ಕಾದಾಗ ಕಡಲೇ ಸತ್ತಿತ್ತು, ಈಗಲೂ ಅದೇ ಗತಿ. ಇಬ್ಬರೂ ಕಟಕಟೆಗೆ ತಂದು ನಿಲ್ಲಿಸುವುದು ಅವೇ ಕಲ್ಲುಗಳನ್ನು. ಕೋಟಿ ವರ್ಷಗಳ ಹಿಂದಿನ ಬಿಸಿಯನ್ನು ಇಂದಿನ ಬಿಸಿಗೆ ಸಾಕ್ಷಿಯಾಗಿ ಕರೆಯುವ ಈ ರೂಢಿ ಎಷ್ಟರಮಟ್ಟಿಗೆ ನಿಲ್ಲುತ್ತದೆ?

ಗುರುಗುಂಟಾದ ನೆಲವೇ ಸಾಕ್ಷಿ ಹೇಳೀತೇ ಅಂದರೆ, ಇಲ್ಲ. ಹಟ್ಟಿ ಚಿನ್ನದ ಗಣಿಯ ಕಡೆಯಿಂದ ಮಸ್ಕಿಯತ್ತ ಹಾಯ್ದ ಕಪ್ಪು-ಹಸಿರು ಕಲ್ಲಿನ ಪಟ್ಟಿ 250 ಕೋಟಿ ವರ್ಷಕ್ಕಿಂತಲೂ ಹಳೆಯದು. ಅದರಲ್ಲಿ ಅಲ್ಲಲ್ಲಿ ದಿಂಬುಗಳನ್ನು ಒಟ್ಟಿದಂತೆ ಕಾಣುವ ಲಾವಾ ಇದೆ. ನೀರಿನೊಳಗೆ ಉಕ್ಕಿದ ಲಾವಾ ಹಾಗೆ ಉಂಡೆಯುಂಡೆಯಾಗಿ ಹೆಪ್ಪುಗಟ್ಟುತ್ತದೆ. ಬಿಸಿಲಿಗೆ ಹೆಸರಾದ ಈ ಊರುಗಳ ಬುಡದಲ್ಲಿ ಒಂದು ಕಡಲ ತಳ ಬಿದ್ದಿದೆ ಎಂದಾಯಿತು. ಆ ಕಲ್ಲಿನ ಮೇಲೆ ನೇರವಾಗಿ ಎರೆ, ಇಲ್ಲವೇ ಮಸಾರಿ ಮಣ್ಣು. ನಡುವಿನದೇನೂ ಇಲ್ಲ. ಪಹಣಿಯಲ್ಲಿ ಮೂಲ ಹಿಡುವಳಿದಾರನ ಹೆಸರಿದೆ, ಈಗಿನವನ ಹೆಸರೂ ಇದೆ, ಮಧ್ಯದ ನಮೂದುಗಳೆಲ್ಲ ಅಳಿಸಿಹೋಗಿವೆ. ಮೀನು ಹುಟ್ಟಿದ್ದು, ಡೈನೋಸಾರ್ ಅಳಿದದ್ದು, ಸಮುದ್ರ ಮತ್ತೆ ಮತ್ತೆ ಕಾದದ್ದು ಎಲ್ಲ ಆ ಅಳಿಸಿದ ಸಾಲುಗಳಲ್ಲೇ ನಡೆದುಹೋಯಿತು.

ಕಲ್ಲು ಓದುವ ವಿಷಯದಲ್ಲಿ ಈ ಸೀಮೆಗೆ ಒಂದು ಹಿರಿಮೆ ಇದೆಯಲ್ಲ. 1915ರಲ್ಲಿ ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಮಸ್ಕಿಯ ಬಂಡೆಯ ಮೇಲೆ ಶಾಸನ ಕಂಡ. ಅದರಲ್ಲಿ ಅಶೋಕ ಎಂಬ ಹೆಸರೇ ಇತ್ತು. ಅಲ್ಲಿಯವರೆಗೆ ಶಾಸನಗಳ ‘ದೇವಾನಾಂಪ್ರಿಯ’ ಯಾರೆಂಬುದನ್ನು ವಿದ್ವಾಂಸರು ತರ್ಕದಿಂದ ಹೇಳಬೇಕಿತ್ತು. ಬಂಡೆ ಹೆಸರು ಹೇಳಿದ್ದೇ ತಡ, ಆ ಚರ್ಚೆಗೆ ತೆರೆಬಿತ್ತು. ಪ್ರಾಚೀನ ತಾಪದ ಕಲ್ಲುಗಳಿಂದಲೂ ನಾವು ಇಂಥದೇ ಖಚಿತ ಮಾತನ್ನು ಬಯಸುತ್ತೇವೆ. ಅವು ಗೊಣಗುತ್ತವೆ, ಅರ್ಧಕ್ಕೇ ಮಾತು ನಿಲ್ಲಿಸುತ್ತವೆ.

ಹೆಚ್ಚು ಸಲ ಕರೆಸಿಕೊಳ್ಳುವ ಸಾಕ್ಷಿ 5.6 ಕೋಟಿ ವರ್ಷ ಹಿಂದಿನದು, ಪೇಲಿಯೊಸೀನ್ ಯುಗ ಮುಗಿದು ಇಯೊಸೀನ್ ಶುರುವಾದ ಹೊತ್ತಿನದು. 1991ರಲ್ಲಿ ಜೇಮ್ಸ್ ಕೆನೆಟ್ ಮತ್ತು ಲೋವೆಲ್ ಸ್ಟಾಟ್ ಅಂಟಾರ್ಕ್ಟಿಕಾ ಬಳಿಯ ಕಡಲ ತಳದಿಂದ ಕೊರೆದು ತೆಗೆದ ಕೆಸರನ್ನು ಪರೀಕ್ಷಿಸಿ ಆ ಹೊತ್ತಿನ ಬಿಸಿಯನ್ನು ಬೆಳಕಿಗೆ ತಂದರು. ಫೊರಾಮಿನಿಫೆರಾ ಎಂಬ ಏಕಕೋಶ ಜೀವಿಗಳು ಸುಣ್ಣದ ಚಿಪ್ಪು ಕಟ್ಟಿಕೊಳ್ಳುತ್ತವೆ. ನೀರು ಬೆಚ್ಚಗಾದಷ್ಟೂ ಆ ಚಿಪ್ಪಿನಲ್ಲಿ ಭಾರದ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ. ಈ ಲೆಕ್ಕದಿಂದ, ಮುಂದೆ ಬೇರೆ ಕಡೆಯ ದಾಖಲೆಗಳಿಂದ, ಜಗತ್ತು ಸುಮಾರು 5ರಿಂದ 6 ಡಿಗ್ರಿ ಕಾದಿತ್ತೆಂದು ತಿಳಿಯಿತು. ಗಾಳಿಗೆ ಬಿದ್ದ ಇಂಗಾಲವನ್ನು ಕಡಲು ಹೀರಿತು, ನೀರು ಹುಳಿಯಾಯಿತು, ಆಳದ ತಳದಲ್ಲಿದ್ದ ಚಿಪ್ಪುಗಳು ಕರಗಿದವು. ದಕ್ಷಿಣ ಅಟ್ಲಾಂಟಿಕ್‌ನ ವಾಲ್ವಿಸ್ ಏಣಿನಲ್ಲಿ ಕೊರೆದಾಗ, ಚಿಪ್ಪು ಕರಗದೆ ಉಳಿಯುವ ಆಳದ ಗಡಿ 2 ಕಿಲೋಮೀಟರಿಗಿಂತ ಹೆಚ್ಚು ಮೇಲಕ್ಕೆ ಸರಿದಿತ್ತೆಂದು ಕಂಡಿತು. ಬಿಳಿಯ ಸುಣ್ಣದ ಕೆಸರಿನ ನಡುವೆ ಒಂದು ಗೆರೆ ಕೆಂಪು ಜೇಡಿ. ಬರೀ ಕಣ್ಣಿಗೂ ಕಾಣುತ್ತದೆ.

‘ಜೀವಗಳು ಉಳಿದವು’ ಎಂಬ ಸಮಾಧಾನ ಇಲ್ಲಿ ಅರ್ಧ ನಿಜ. ಮೇಲ್ಪದರದಲ್ಲಿ ತೇಲುವ ಜೀವಿಗಳು ಬಹುಪಾಲು ಬದುಕಿದವು. ಬಿಸಿನೀರನ್ನು ಇಷ್ಟಪಡುವವು ಧ್ರುವಗಳ ಕಡೆಗೂ ಹಬ್ಬಿದವು. ಆಳದ ತಳದ ಫೊರಾಮಿನಿಫೆರಾಗಳಲ್ಲಿ ಮಾತ್ರ 30ರಿಂದ 50 ಪ್ರತಿಶತ ಪ್ರಭೇದಗಳು ಮತ್ತೆ ಕಾಣಿಸಲಿಲ್ಲ. ನೆಲದ ಮೇಲೆ ಆಗಷ್ಟೇ ಹುಟ್ಟಿದ್ದ ಕುದುರೆಯ ಪೂರ್ವಜರ ಮೈ ಕುಗ್ಗಿತು. ಉಳಿದವೋ ಇಲ್ಲವೋ ಎನ್ನುವವರು ಯಾವ ಅಂತಸ್ತಿನ ಬಾಡಿಗೆದಾರರನ್ನು ಕೇಳಿದೆವು ಎಂಬುದನ್ನೂ ಹೇಳಬೇಕು.

ಆದರೆ ಈ ಸಾಕ್ಷಿಯ ದೊಡ್ಡ ಕೊರತೆ ವೇಗದ ವಿಷಯದಲ್ಲಿದೆ, ನಮಗೆ ಬೇಕಾಗಿರುವುದೂ ಅದೇ. ಆಳ ಕಡಲಿನಲ್ಲಿ 1000 ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಕೆಸರು ಕೂತರೆ ಹೆಚ್ಚು. ಅದನ್ನೂ ಹುಳುಗಳು ಕೆದಕಿ ಕಲಸುತ್ತವೆ. ಸಾಲದ್ದಕ್ಕೆ, ನೀರು ಹುಳಿಯಾದ ಹೊತ್ತಿಗೆ ಆ ಹೊತ್ತಿನ ದಾಖಲೆಯೇ ಕರಗಿದೆ. ಕಳವಾದ ರಾತ್ರಿಯೇ ಕ್ಯಾಮೆರಾ ಕೆಟ್ಟಿತ್ತು ಅನ್ನುತ್ತಾರಲ್ಲ, ಹಾಗೆ. ಅಮೆರಿಕದ ನ್ಯೂಜೆರ್ಸಿ ಕರಾವಳಿಯ ದಪ್ಪ ಕೆಸರಿನಿಂದ ರಿಚರ್ಡ್ ಝೀಬೆ ಮತ್ತು ಸಂಗಡಿಗರು 2016ರಲ್ಲಿ ಒಂದು ಲೆಕ್ಕ ತೆಗೆದರು: ಇಂಗಾಲ ಬಂದದ್ದು ಕನಿಷ್ಠ 4000 ವರ್ಷಗಳ ಉದ್ದಕ್ಕೆ, ವರ್ಷಕ್ಕೆ ಹೆಚ್ಚೆಂದರೆ 110 ಕೋಟಿ ಟನ್‌ನಷ್ಟು. ನಾವು ಈಗ ವರ್ಷಕ್ಕೆ ಹೊರಹಾಕುತ್ತಿರುವ ಇಂಗಾಲ ಸುಮಾರು 1000 ಕೋಟಿ ಟನ್. ಆಗ ಧ್ರುವಗಳಲ್ಲಿ ಇಂದಿನಂಥ ಹಿಮದ ಹಾಸು ಇರಲಿಲ್ಲ ಎಂಬುದನ್ನೂ ಸೇರಿಸಿ. ಹಿಮ ಕರಗಿ ಕಡಲು ಏರುವುದರ ಬಗ್ಗೆ ಆ ಕಾಲ ನಮಗೆ ಏನು ಹೇಳೀತು? ಹೀಗಿದ್ದೂ ಭಾಷಣಗಳಲ್ಲಿ ಅದನ್ನು ಇಂದಿನ ಕನ್ನಡಿ ಎನ್ನುವುದು ಬಿಟ್ಟಿಲ್ಲ. ಕಡಲಿನ ರಸಾಯನಕ್ಕೆ ಅದು ಒಳ್ಳೆಯ ಪಾಠ. ವೇಗಕ್ಕೆ ಅಲ್ಲವೇ ಅಲ್ಲ.

25.2 ಕೋಟಿ ವರ್ಷ ಹಿಂದಿನ ಪರ್ಮಿಯನ್ ಅಂತ್ಯವನ್ನು ಭಯ ಹುಟ್ಟಿಸಲು ಬಳಸುತ್ತಾರೆ. ಸೈಬೀರಿಯಾದ ಲಾವಾ, ಉಸಿರುಗಟ್ಟಿದ ಸಮುದ್ರ, ಅಳಿದ ಕಡಲಜೀವಿಗಳ ಪ್ರಭೇದಗಳು ಹತ್ತಿರಹತ್ತಿರ ಹತ್ತಕ್ಕೆ ಒಂಬತ್ತು. ಆ ಗಡಿಯನ್ನು ಕಾಶ್ಮೀರದಲ್ಲಿ ಶ್ರೀನಗರದ ಹತ್ತಿರದ ಗುರ್ಯುಲ್ ಕಣಿವೆಯಲ್ಲಿ ಕಾಣಬಹುದು. ಆದರೆ ಅದರ ಜೊತೆ ನಮ್ಮ ಕಾಲವನ್ನು ತೂಗುವುದು ಹಗೇವನ್ನು ಸೇರಿನಿಂದ ಅಳೆದಂತೆ.

ನಮಗೆ ಹತ್ತಿರದ್ದು 6.6 ಕೋಟಿ ವರ್ಷ ಹಿಂದಿನ ದಖನ್ ಲಾವಾ. ವಿಜಯಪುರ, ಕಲಬುರಗಿ, ಬೀದರ್‌ಗಳ ಕರಿಕಲ್ಲು ಅದರದೇ. ಅದರ ಕೆಲವು ಹರಿವುಗಳು ಸುಮಾರು 1000 ಕಿಲೋಮೀಟರ್ ಸಾಗಿ ರಾಜಮಹೇಂದ್ರಿಯ ಬಳಿಯ ಆಗಿನ ಕಡಲತೀರ ಮುಟ್ಟಿದವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಲಾವಾದ ಜೊತೆ ಬಂದ ಅನಿಲ ಜಗತ್ತನ್ನು ಎರಡು ಮೂರು ಡಿಗ್ರಿ ಕಾಯಿಸಿತ್ತು. ಡೈನೋಸಾರ್‌ಗಳನ್ನು ಕೊಂದದ್ದು ಇದೋ, ಮೆಕ್ಸಿಕೊದ ಬಳಿ ಬಿದ್ದ ಕ್ಷುದ್ರಗ್ರಹವೋ? 2019ರಲ್ಲಿ ‘ಸೈನ್ಸ್’ ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಎರಡು ತಂಡಗಳು ಬೇರೆ ಬೇರೆ ಗಡಿಯಾರ ಹಿಡಿದು ಬಂದವು. ಪ್ರಿನ್ಸ್‌ಟನ್‌ನವರು ಜಿರ್ಕಾನ್ ಹರಳುಗಳ ಯುರೇನಿಯಂ ಎಣಿಸಿ, ಅಳಿವಿಗೆ ತುಸು ಮುಂಚೆಯೇ ಲಾವಾ ಭಾರಿಯಾಗಿ ಉಕ್ಕಿತ್ತೆಂದರು. ಬರ್ಕ್ಲಿಯವರು ಆರ್ಗಾನ್ ಎಣಿಸಿ, ಹೆಚ್ಚಿನ ಪಾಲು ಆಮೇಲೆ ಬಂದದ್ದೆಂದರು. 2020ರಲ್ಲಿ ಪಿಂಚೆಲಿ ಹಲ್ ತಂಡ, ಲಾವಾದ ಬಿಸಿ ಏರಿ, ಅಳಿವಿನ ಹೊತ್ತಿಗೆ ಇಳಿದೂ ಆಗಿತ್ತೆಂದು ತೋರಿಸಿತು. ಜಗಳ ಇನ್ನೂ ಪೂರ್ತಿ ಹರಿದಿಲ್ಲ. ನನಗೆ ಈ ಜಗಳವೇ ಇಷ್ಟ. ಕಲ್ಲಿನಿಂದ ಎಷ್ಟು ಮಾತು ಹೊರಡಿಸಬಹುದು, ಎಲ್ಲಿ ಸುಮ್ಮನಾಗಬೇಕು ಎಂಬ ಅಂಕೆ ಅದರಲ್ಲಿದೆ. ನಮ್ಮ ವೇದಿಕೆಗಳಲ್ಲಿ ಅಷ್ಟು ಅಂಕೆ ಕಂಡಿಲ್ಲ. ಯಾದಗಿರಿ ಜಿಲ್ಲೆಯ ಗುರುಮಠಕಲ್ ಬಳಿ ಲಾವಾದ ಎರಡು ಹಾಸುಗಳ ನಡುವೆ ಹಳೆಯ ಕೆರೆಗಳ ಕೆಸರಿದೆ, ಅದರಲ್ಲಿ ಆಸ್ಟ್ರಕೋಡ್ ಎಂಬ ಪುಟ್ಟ ಜೀವಿಗಳ ಚಿಪ್ಪುಗಳಿವೆ. ಒಂದು ಉರಿ ಆರಿ ಇನ್ನೊಂದು ಬರುವಷ್ಟರಲ್ಲಿ ಅಲ್ಲಿ ನೀರು ನಿಂತಿತ್ತು, ನೀರಲ್ಲಿ ಆ ಜೀವಿಗಳು ಸಂಸಾರ ಹೂಡಿದ್ದವು. ಕರ್ನಾಟಕದ್ದೇ ಆದ ಈ ಪುಟವನ್ನು ನಮ್ಮಲ್ಲಿ ಯಾರೂ ಹೆಚ್ಚಾಗಿ ಎತ್ತುವುದಿಲ್ಲ.

ಹಾಗಾದರೆ ಗುರುಗುಂಟಾಕ್ಕೆ ಈ ಕತೆಯಲ್ಲಿ ಪಾತ್ರವೇ ಇಲ್ಲವೇ? ಇದೆ, ಕೊನೆಯ ಅಂಕದಲ್ಲಿ. ಎರೆ ಹೊಲದಲ್ಲಿ ಕುಂಟೆ ಹೊಡೆಯುವಾಗ ಬೆಳ್ಳನೆಯ ಸುಣ್ಣದ ಹರಳು ಎದ್ದು ಬರುತ್ತವೆ. ಹಿಂದೆ ಇಂಥವನ್ನು ಸುಟ್ಟು ಗೋಡೆಗೆ ಸುಣ್ಣ ಮಾಡುತ್ತಿದ್ದರು. ಮಣ್ಣಿನೊಳಗಿನ ಇಂಗಾಲದ ಡೈ ಆಕ್ಸೈಡ್ ನೀರಿನಲ್ಲಿ ಕರಗಿ, ಕಲ್ಲಿನಿಂದ ಸಡಿಲಗೊಂಡ ಕ್ಯಾಲ್ಸಿಯಂ ಜೊತೆ ಕೂಡಿ ಈ ಹರಳು ಕಟ್ಟುತ್ತದೆ. ಜಬಲ್‌ಪುರದ ಲಮೇಟಾ ಪದರಗಳಲ್ಲಿ ಸಿಗುವ ಇಂಥದೇ ಗಂಟುಗಳಿಂದ ಡೈನೋಸಾರ್ ಕಾಲದ ಗಾಳಿಯಲ್ಲಿ ಆ ಅನಿಲ ಎಷ್ಟಿತ್ತೆಂದು ಅಂದಾಜು ಮಾಡಿದ್ದಾರೆ. ಅಲ್ಲಿ ಪ್ರಯೋಗಾಲಯ ಸೇರಿದ್ದು ಇಲ್ಲಿ ಬದುವಿಗೆ ಬಿದ್ದಿದೆ.

ಪ್ರಾಚೀನ ಜ್ವರಗಳು ಇಳಿದದ್ದೂ ಬಹುಮಟ್ಟಿಗೆ ಈ ದಾರಿಯಲ್ಲೇ: ಮಳೆ ಕಲ್ಲನ್ನು ಕರಗಿಸಿ, ಹೊಳೆ ಅದನ್ನು ಕಡಲಿಗೆ ಒಯ್ದು, ಅಲ್ಲಿ ಚಿಪ್ಪಾಗಿ ತಳ ಸೇರಿ. ಗುರುಗುಂಟಾ ದಾಟಿ ಸುರಪುರದ ದಾರಿ ಹಿಡಿದರೆ ತಿಂಥಣಿ ಸೇತುವೆಯ ಕೆಳಗೆ ಕೃಷ್ಣೆ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಮೇಲ್ಗಡೆ ನಾರಾಯಣಪುರದ ಅಣೆಕಟ್ಟು ಹೂಳನ್ನು ತಡೆಯುತ್ತದೆ, ನೀರಲ್ಲಿ ಕರಗಿದ ಸುಣ್ಣವನ್ನಲ್ಲ. 5.6 ಕೋಟಿ ವರ್ಷಗಳ ಹಿಂದೆ ಜಗತ್ತಿನ ಹೊಳೆಗಳೆಲ್ಲ ಸೇರಿ ದುಡಿದರೂ ಕಡಲು ಮೊದಲಿನಂತಾಗಲು ಒಂದೂವರೆ-ಎರಡು ಲಕ್ಷ ವರ್ಷ ಹಿಡಿಯಿತು. ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು ಕೆತ್ತಿ ಇನ್ನೂ 2300 ವರ್ಷ ತುಂಬಿಲ್ಲ.